ಅಜ್ಜಿಯ ಗಂಟಿನ ಬೆಳ್ಳಿ ರೂಪಾಯಿ

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಕಾಡಿನ ಅಂಚಿಗೆ ಒರಗಿರುವ ಎನ್. ಬೇಗೂರಿನಂತಹ ಊರುಗಳ ಮನೆಗಳಲ್ಲಿ ಬೆಳ್ಳಿಯ ರೂಪಾಯಿ ಬೆಳಕು ಕಾಣುವ ಸಂದರ್ಭಗಳು ಎರಡು. ಲಕ್ಷ್ಮೀಪೂಜೆಯ ದಿನ ಕಲಶದ ಮುಂದೆ; ಕಷ್ಟ ಬಂದ ದಿನ ಅಂಗಡಿಯ ತಕ್ಕಡಿಯ ಮೇಲೆ. ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆ ಗಡುವು ಹತ್ತಿರವಾದಾಗ ಅಜ್ಜಿ ಗಂಟು ಬಿಚ್ಚುತ್ತಾಳೆ. ಕಪ್ಪಿಟ್ಟ ನಾಣ್ಯವನ್ನು ಕಂಡು ಸೊಸೆ ಹೇಳುತ್ತಾಳೆ: "ಹಿಂಗೇ ತಕ್ಕೊಂಡೋದ್ರೆ ಯಾರು ಕೊಂಡ್ಕೋತಾರೆ ಅತ್ತೆ? ಒಸಿ ಹುಣಸೆಹಣ್ಣು ಹಾಕಿ ಉಜ್ಜಿಕೊಡ್ತೀನಿ, ತಾಳಿ."

ಆ ಸದುದ್ದೇಶದ ಒಂದೇ ಗಳಿಗೆಯಲ್ಲಿ ನಾಣ್ಯದ ಬೆಲೆ ಅರ್ಧಕ್ಕಿಳಿದರೂ ಇಳಿಯಬಹುದು!

ಹಳೆಯ ನಾಣ್ಯಕ್ಕೆ ಬೆಲೆಗಳು ಎರಡು. ಒಂದು ಲೋಹದ್ದು, ಇನ್ನೊಂದು ನಾಣ್ಯದ್ದು. ಮೊದಲನೆಯದನ್ನು ತಕ್ಕಡಿ ಹೇಳುತ್ತದೆ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಗೊತ್ತುಪಡಿಸಿದ ರೂಪಾಯಿಯ ತೂಕ ಸರಿಯಾಗಿ ಒಂದು ತೊಲೆ, ಎಂದರೆ 11.66 ಗ್ರಾಂ. ಅದರ ಹನ್ನೆರಡು ಪಾಲುಗಳಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. 1947ರಲ್ಲಿ ಹುಲಿಯ ಚಿತ್ರದೊಡನೆ ಹೊರಬಂದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕ್ಕಲ್ ನಾಣ್ಯ. ಆದುದರಿಂದ ಇಸವಿಯನ್ನು ಓದದೆ ತೂಗಿಸುವುದು ಕಣ್ಣು ಮುಚ್ಚಿ ವ್ಯಾಪಾರ ಮಾಡಿದಂತೆ.

ಆದರೆ ಇಸವಿಯೂ ಒಮ್ಮೊಮ್ಮೆ ಮೋಸಗೊಳಿಸುತ್ತದೆ. ವಿಕ್ಟೋರಿಯ ರಾಣಿಯ 1862ರ ರೂಪಾಯಿ ಹಳೆಯದೆಂಬುದು ನಿಜ; ಅಪರೂಪದ್ದೇನೂ ಅಲ್ಲ. ಅದೇ ಇಸವಿಯನ್ನು ಹೊತ್ತ ನಾಣ್ಯಗಳನ್ನು ಮುಂದೆ ಹಲವು ವರ್ಷಗಳ ಕಾಲ ಟಂಕಸಾಲೆಗಳು ಅಚ್ಚೊತ್ತಿದವು. 1911ರ ರೂಪಾಯಿಯ ಕಥೆ ಬೇರೆ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಚಿತ್ರಿಸಿದ್ದ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗಲಾಟೆಯೆದ್ದಿತು. ಸುಮಾರು 7 ಲಕ್ಷ ನಾಣ್ಯಗಳು ಹೊರಬಿದ್ದಿದ್ದವು. ಉಳಿದವನ್ನು ತಡೆಹಿಡಿದು ಕರಗಿಸಲಾಯಿತು. 1912ರ ನಾಣ್ಯದಲ್ಲಿ ಆನೆಗೆ ನೀಳವಾದ ಸೊಂಡಿಲು ಬಂದಿತು. ಒಂದು ಸೊಂಡಿಲಿನ ಅಂತರವೇ ಇಂದು ಬೆಲೆಯ ಅಂತರ.

ಇಸವಿಯಾದ ಮೇಲೆ ನಾಣ್ಯದ ದೆಸೆ. ನೋಟಗಾರನ ಕಣ್ಣು ಮೊದಲು ಹೋಗುವುದು ಅಚ್ಚಿನ ಉಬ್ಬಿದ ಭಾಗಗಳಿಗೆ. ಸವೆತ ಆರಂಭವಾಗುವುದು ಅಲ್ಲಿಯೇ. ರಾಣಿಯ ಕೆನ್ನೆ, ಕೂದಲಿನ ಎಳೆ, ಉಡುಪಿನ ಕಸೂತಿ ಇವು ಸ್ಪಷ್ಟವಾಗಿವೆಯೇ? ಅಂಚಿನ ಗೀರುಗಳು ಉಳಿದಿವೆಯೇ? ಕಾಸಿನ ಸರಕ್ಕೆಂದು ಕೊಂಡಿ ಬೆಸೆದಿದ್ದ ಗುರುತಿದೆಯೇ? ಹಿಂದಿನ ಚಿನಿವಾರರು ಪರೀಕ್ಷೆಗಾಗಿ ಒತ್ತಿದ ಮುದ್ರೆ ಇದೆಯೇ? ಬೆಸುಗೆ, ತೂತು, ಮುದ್ರೆ ಇವೆಲ್ಲ ಬೆಲೆಯನ್ನು ತಗ್ಗಿಸುವ ಗಾಯಗಳು. ಹುಣಸೆಹಣ್ಣು, ಬೂದಿಗಳ ತಿಕ್ಕಾಟವೂ ಅಂತಹುದೇ. ಬೆಳ್ಳಿಯ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯೊಳಗಿನ ಗಂಧಕ ತಾಗಿ ಬಂದ ತೆಳುವಾದ ಪೊರೆ. ಉಜ್ಜಿದರೆ ಪೊರೆಯ ಜೊತೆಗೆ ಅಚ್ಚಿನ ಮೂಲಕಾಂತಿಯೂ ಹೋಗುತ್ತದೆ. ಹೋದ ಕಾಂತಿಯನ್ನು ಯಾವ ಅಕ್ಕಸಾಲಿಗನೂ ಮರಳಿ ತರಲಾರ.

ಈ ದೆಸೆಯನ್ನು ಅಂಕಿಗಳಲ್ಲಿ ಅಳೆಯುವ ಕ್ರಮವನ್ನು ಹಾಕಿಕೊಟ್ಟವನು ಅಮೆರಿಕದ ವಿಲಿಯಂ ಶೆಲ್ಡನ್. ತನ್ನ ನಾಡಿನ ಹಳೆಯ ತಾಮ್ರದ ಸೆಂಟುಗಳಿಗಾಗಿ 1949ರಲ್ಲಿ ಅವನು 1ರಿಂದ 70ರವರೆಗಿನ ಶ್ರೇಣಿಯನ್ನು ರಚಿಸಿದನು. ಇಂದು ಬೆಳ್ಳಿ ಬಂಗಾರದ ನಾಣ್ಯಗಳಿಗೂ ಅದೇ ಅಳತೆ. ಅಮೆರಿಕದ ಮೊದಲ ಬೆಳ್ಳಿ ಡಾಲರುಗಳು ಹುಟ್ಟಿದ್ದು 1794ರಲ್ಲಿ. ಸಂಖ್ಯೆ ಕೇವಲ 1,758. ಅವುಗಳಲ್ಲಿ ಅತ್ಯುತ್ತಮ ದೆಸೆಯಲ್ಲಿದ್ದ ಒಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಮಿಗಿಲಾದ ಬೆಲೆಗೆ ಹೋಯಿತು. ಅದರೊಳಗಿನ ಬೆಳ್ಳಿಯಾದರೋ ನಮ್ಮ ರೂಪಾಯಿಗಿಂತ ಎರಡೂವರೆ ಪಟ್ಟನ್ನೂ ಮುಟ್ಟದು!

ಆ ಡಾಲರಿಗೂ ಈ ರೂಪಾಯಿಗೂ ನೆಂಟಸ್ತಿಕೆಯೂ ಉಂಟು. ಮೊದಲನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬೆಳ್ಳಿಯ ಕೊರತೆ ಬಂದಾಗ, 1918ರ ಪಿಟ್‌ಮನ್ ಕಾಯಿದೆಯಂತೆ ಅಮೆರಿಕ ತನ್ನ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಬಹುಪಾಲು ಬ್ರಿಟನ್ನಿನ ಮೂಲಕ ಭಾರತದ ನಾಣ್ಯಗಳಿಗಾಗಿ ಬಂದಿತು. ಆ ಕಾಲದ ರೂಪಾಯಿಯೊಂದು ಹಳ್ಳಿಯ ಗಂಟಿನಲ್ಲಿದ್ದರೆ, ಅದರ ಬೆಳ್ಳಿ ಸಮುದ್ರ ದಾಟಿ ಬಂದುದಾಗಿರಬಹುದು.

ಮೈಸೂರು ಸೀಮೆಯ ಪೆಟ್ಟಿಗೆಗಳಲ್ಲಿ ಇನ್ನೂ ಹಳೆಯವು ಸಿಗುವುದುಂಟು. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚೊತ್ತಿಸಿದ ರೂಪಾಯಿಗೆ 'ಇಮಾಮಿ' ಎಂದು, ಎರಡು ರೂಪಾಯಿಯ ನಾಣ್ಯಕ್ಕೆ 'ಹೈದರಿ' ಎಂದು ಹೆಸರು. ಅವನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದವನು ಇಸವಿಯನ್ನು ತಲೆಕೆಳಗಾಗಿಸಿ ಬೆಲೆಯನ್ನೂ ತಲೆಕೆಳಗಾಗಿಸಿಯಾನು.

ಅಪರೂಪದ ನಾಣ್ಯಗಳಿಗೆ ನಕಲುಗಳೂ ಹೆಚ್ಚು. ಆರನೆಯ ಜಾರ್ಜ್ ದೊರೆಯ 1939ರ ರೂಪಾಯಿ ಸಿಕ್ಕಿತೆಂದು ಹಿಗ್ಗುವವರು ಮೊದಲು ತೂಕವನ್ನು ನೋಡಬೇಕು, ಅಯಸ್ಕಾಂತ ಹಿಡಿಯಬೇಕು, ಅಂಚಿನಲ್ಲಿ ಎರಕದ ಗೆರೆಯನ್ನು, ಮೈಯಲ್ಲಿ ಸಣ್ಣ ಗುಳಿಗಳನ್ನು ಹುಡುಕಬೇಕು. ಕಾನೂನನ್ನೂ ಮರೆಯುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಮಾರುವುದಕ್ಕೆ 1972ರ ಕಾಯಿದೆಯ ಅಡ್ಡಿಯಿದೆ.

ಇಷ್ಟೆಲ್ಲ ನೋಡಿದ ಮೇಲೂ ಅಜ್ಜಿಯ ನಾಣ್ಯ ಸವೆದ 1862ರ ರೂಪಾಯಿಯೇ ಆಗಿರುವ ಸಂಭವ ಹೆಚ್ಚು. ಆಗ ತೂಕದ ಬೆಲೆಗೆ ಕೊಡುವುದರಲ್ಲಿ ನಷ್ಟವಿಲ್ಲ, ಅವಮಾನವೂ ಇಲ್ಲ. ಶುಲ್ಕಕ್ಕೆ ಅಷ್ಟಾದರೂ ಆದೀತು. ಆದರೆ ತಾನು ಕೊಟ್ಟುದೇನೆಂದು ತಿಳಿದು ಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. ಹುಣಸೆಹಣ್ಣು ಸಾರಿನ ಪಾತ್ರೆಯಲ್ಲೇ ಇರಲಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ, ಇಸವಿ ಓದಬಲ್ಲ ಮೊಮ್ಮಗಳ ಕೈಗೆ ಮೊದಲು ಕೊಡಲಿ.