ನಲವತ್ತರಲ್ಲೂ ಬಿಳಿ ಬೆಲ್ಟ್: ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಕೆ ಮತ್ತು ಸ್ಪರ್ಧೆ

ಬ್ರೆಜಿಲಿಯನ್ ಜಿಯು-ಜಿತ್ಸು ಹಿಡಿತ ಮತ್ತು ಪಟ್ಟುಗಳ ಕಾಳಗ. ಇದರಲ್ಲಿ ಗುದ್ದುವಂತಿಲ್ಲ, ಒದೆಯುವಂತಿಲ್ಲ. ಎದುರಾಳಿಯನ್ನು ನೆಲಕ್ಕೆ ಕೆಡವಿ, ಅಲುಗಾಡದಂತೆ ಹಿಡಿದು, ಕುತ್ತಿಗೆಗೋ ಕೈಕಾಲಿನ ಕೀಲಿಗೋ ಪಟ್ಟು ಹಾಕಿ ಸೋಲೊಪ್ಪಿಸಿದವರು ಗೆದ್ದಂತೆ. ಗರಡಿಮನೆಯ ಕುಸ್ತಿ ಕಂಡವರಿಗೆ ಇದರ ಅರ್ಧ ಭಾಗ ಪರಿಚಿತವೇ. ವ್ಯತ್ಯಾಸವಿರುವುದು ಇನ್ನರ್ಧದಲ್ಲಿ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಜಟ್ಟಿ ಸೋತ. ಜಿಯು-ಜಿತ್ಸುವಿನಲ್ಲಿ ಅಂಗಾತ ಬಿದ್ದವರಿಗೂ ಆಟ ಉಳಿದಿರುತ್ತದೆ. ಕೆಳಗಿದ್ದುಕೊಂಡೇ ಕಾಲುಗಳಿಂದ ಎದುರಾಳಿಯನ್ನು ತಡೆದು, ಅಲ್ಲಿಂದಲೇ ಅವರನ್ನು ಉರುಳಿಸುವ ಅಥವಾ ಪಟ್ಟಿಗೆ ಸಿಲುಕಿಸುವ ಭಂಗಿಗೆ ‘ಗಾರ್ಡ್’ ಎಂದು ಹೆಸರು. ಈ ಕಲೆಯ ಬಹುಪಾಲು ತಂತ್ರಗಳು ಬೆಳೆದಿರುವುದು ಈ ಭಂಗಿಯ ಸುತ್ತಲೇ.

ಸಮರಕಲೆ ಎಂದರೆ ಎಳೆಯ ವಯಸ್ಸಿನಲ್ಲೇ ಹಿಡಿಯಬೇಕಾದ ವಿದ್ಯೆ ಎಂಬ ನಂಬಿಕೆ ಸಾಮಾನ್ಯ. ಆದರೆ ಜಿಯು-ಜಿತ್ಸು ಶಾಲೆಗಳಲ್ಲಿ ಮೂವತ್ತು, ನಲವತ್ತು ದಾಟಿದ ಮೇಲೆ ಮೊದಲ ಸಲ ಮ್ಯಾಟ್ ಮೇಲೆ ಕಾಲಿಟ್ಟವರು ಬಹಳ ಮಂದಿ ಸಿಗುತ್ತಾರೆ. ಇದು ಆಕಸ್ಮಿಕವಲ್ಲ. ತಲೆಗೆ ಪೆಟ್ಟು ಬೀಳುವ ಆಟವಲ್ಲದಿರುವುದು, ಯಾವ ಕ್ಷಣದಲ್ಲಾದರೂ ಸೋಲೊಪ್ಪಿ ಪಾರಾಗುವ ಅವಕಾಶ, ಬೆಲ್ಟ್, ವಯಸ್ಸು, ತೂಕಗಳ ಪ್ರಕಾರ ಸ್ಪರ್ಧಿಗಳನ್ನು ವಿಂಗಡಿಸುವ ಪದ್ಧತಿ, ಈ ಮೂರೂ ಸೇರಿ ತಡವಾಗಿ ಬಂದವರಿಗೂ ಜಾಗ ಮಾಡಿಕೊಟ್ಟಿವೆ.

ಜಪಾನಿನಿಂದ ಬ್ರೆಜಿಲ್‌ಗೆ

ಈ ಕಲೆಯ ಬೇರು ಜೂಡೋದಲ್ಲಿದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕನ್ ಶಾಲೆಯನ್ನು ಸ್ಥಾಪಿಸಿ, ಹಳೆಯ ಜುಜುತ್ಸುವನ್ನು ತಿದ್ದಿ ಜೂಡೋ ರೂಪಿಸಿದರು. ಅಲ್ಲಿ ಪಳಗಿದ ಮಿತ್ಸುಯೊ ಮಯೆದಾ ದೇಶ ದೇಶ ಸುತ್ತುತ್ತ ಕುಸ್ತಿಪಟುಗಳೊಡನೆ ಸೆಣಸುತ್ತ 1914ರಲ್ಲಿ ಬ್ರೆಜಿಲ್ ತಲುಪಿದರು. ಮುಂದೆ ಉತ್ತರದ ಬೆಲೆಂ ನಗರದಲ್ಲಿ ನೆಲೆಸಿದರು. ಅಲ್ಲಿ ಅವರಿಂದ ವಿದ್ಯೆ ಕಲಿತವರಲ್ಲಿ ಕಾರ್ಲೋಸ್ ಗ್ರೇಸಿ ಒಬ್ಬರು. ಕಾರ್ಲೋಸ್ ಮತ್ತು ಅವರ ತಮ್ಮಂದಿರು ರಿಯೊ ಡಿ ಜನೈರೊದಲ್ಲಿ ಶಾಲೆ ನಡೆಸಿದರು. ತಮ್ಮಂದಿರಲ್ಲಿ ಎಲಿಯೊ ಗ್ರೇಸಿ ಸಣ್ಣ ಮೈಕಟ್ಟಿನವರು. ಎತ್ತಿ ಒಗೆಯುವುದಕ್ಕಿಂತ ಸನ್ನೆ ತತ್ವ ಬಳಸಿ ನೆಲದ ಮೇಲೆ ಸೆಣಸುವ ಕಡೆಗೆ ಕಲೆಯ ಒಲವು ತಿರುಗುವುದರಲ್ಲಿ ಅವರ ಪಾತ್ರ ದೊಡ್ಡದು.

1951ರಲ್ಲಿ ಜಪಾನಿನ ಜೂಡೋ ಪಟು ಮಸಹಿಕೊ ಕಿಮುರಾ, ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಎಲಿಯೊ ಅವರನ್ನು ತೋಳು ತಿರುಚುವ ಪಟ್ಟಿನಿಂದ ಸೋಲಿಸಿದರು. ಆ ಪಟ್ಟನ್ನು ಬ್ರೆಜಿಲ್‌ನವರು ಗೆದ್ದವರ ಹೆಸರಿನಲ್ಲೇ ‘ಕಿಮುರಾ’ ಎಂದು ಕರೆದರು. ಇಂದಿಗೂ ಹೊಸಬರಿಗೆ ಕಲಿಸುವ ಮೊದಮೊದಲ ಪಟ್ಟುಗಳಲ್ಲಿ ಅದೂ ಸೇರಿದೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಸಮರಕಲೆಗಳವರು ಸೆಣಸುವ ಯುಎಫ್‌ಸಿಯ ಮೊದಲ ಪಂದ್ಯಾವಳಿಯಲ್ಲಿ ಎಲಿಯೊ ಅವರ ಮಗ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿ ಪ್ರಶಸ್ತಿ ಗೆದ್ದ ಮೇಲೆ ಈ ಕಲೆ ಜಗತ್ತಿನೆಲ್ಲೆಡೆ ಹಬ್ಬಿತು. ಈಗ ಬೆಂಗಳೂರಿನಲ್ಲೂ ಇದನ್ನು ಕಲಿಸುವ ಶಾಲೆಗಳಿವೆ. ಇದಕ್ಕೆ ಹತ್ತಿರದ ನೆಲದ ಕಾಳಗವನ್ನು ಒಳಗೊಂಡ ಜು-ಜಿತ್ಸು, 2018ರ ಜಕಾರ್ತಾ-ಪಾಲೆಂಬಾಂಗ್ ಕ್ರೀಡಾಕೂಟದಿಂದ ಏಷ್ಯನ್ ಗೇಮ್ಸ್‌ನಲ್ಲೂ ಸ್ಥಾನ ಪಡೆದಿದೆ.

ಟ್ಯಾಪ್ ಎಂಬ ಅಡಿಪಾಯ

ಜಿಯು-ಜಿತ್ಸು ಕಲಿಕೆ ನಿಂತಿರುವುದು ‘ಟ್ಯಾಪ್’ ಎಂಬ ಒಂದು ಒಪ್ಪಂದದ ಮೇಲೆ. ಪಟ್ಟಿಗೆ ಸಿಕ್ಕವರು ಎದುರಾಳಿಯ ಮೈಮೇಲೋ ನೆಲದ ಮೇಲೋ ಕೈಯಿಂದ ತಟ್ಟಿದರೆ ಸೋಲೊಪ್ಪಿದಂತೆ. ಕೈಗಳೆರಡೂ ಸಿಕ್ಕಿಕೊಂಡಿದ್ದರೆ ಬಾಯಲ್ಲಿ ಹೇಳಿದರೂ ಸಾಕು. ತಟ್ಟಿದ ಆ ಕ್ಷಣವೇ ಪಟ್ಟು ಬಿಡಬೇಕು. ಈ ನಿಯಮವಿರುವುದರಿಂದಲೇ ಇಬ್ಬರು ದಿನವೂ ಪೂರ್ತಿ ಬಲ ಹಾಕಿ ಸೆಣಸಿ, ಮರುದಿನ ಕೆಲಸಕ್ಕೆ ಹೋಗಬಹುದು.

ಪಟ್ಟುಗಳು ಮುಖ್ಯವಾಗಿ ಎರಡು ಬಗೆ. ಕೀಲಿನ ಪಟ್ಟುಗಳು ಮೊಣಕೈ, ಭುಜ, ಪಾದದ ಕೀಲುಗಳನ್ನು ಅವು ಚಲಿಸಬಲ್ಲ ಮಿತಿಯ ಅಂಚಿಗೆ ಒಯ್ಯುತ್ತವೆ. ‘ಆರ್ಮ್‌ಬಾರ್’ನಲ್ಲಿ ಎದುರಾಳಿಯ ತೋಳನ್ನು ಎರಡು ತೊಡೆಗಳ ನಡುವೆ ಬಿಗಿದು, ಮಣಿಕಟ್ಟನ್ನು ಎದೆಗೆ ಅಪ್ಪಿ, ಸೊಂಟವನ್ನು ಮೇಲೆತ್ತಿದರೆ ಇಡೀ ಮೈಯ ಬಲ ಒಂದು ಮೊಣಕೈ ಮೇಲೆ ಬೀಳುತ್ತದೆ. ಕುತ್ತಿಗೆಯ ಪಟ್ಟುಗಳಲ್ಲಿ ಸರಿಯಾಗಿ ಹಾಕಿದವು ಉಸಿರ್ನಾಳವನ್ನು ಹಿಸುಕುವುದಿಲ್ಲ. ಕುತ್ತಿಗೆಯ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಗಳನ್ನು ಒತ್ತುತ್ತವೆ. ಟ್ಯಾಪ್ ಮಾಡದೆ ಹಟ ಹಿಡಿದರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಬಹುದು.

ಆದ್ದರಿಂದ ವಯಸ್ಕ ಕಲಿಯುವವರು ಎಲ್ಲಕ್ಕಿಂತ ಮೊದಲು ರೂಢಿಸಿಕೊಳ್ಳಬೇಕಾದದ್ದು ಬೇಗ ಟ್ಯಾಪ್ ಮಾಡುವುದನ್ನು. ಇಪ್ಪತ್ತರ ಹುಡುಗನ ಮೊಣಕೈ ಒಂದು ವಾರದಲ್ಲಿ ಸರಿಹೋಗಬಹುದು. ನಲವತ್ತರವರದ್ದು ತಿಂಗಳುಗಟ್ಟಲೆ ನೋಯಬಹುದು. ಅಭ್ಯಾಸದಲ್ಲಿ ಸೋಲೊಪ್ಪುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಗಾಯಗೊಂಡರೆ ಕಲಿಕೆಯ ದಿನಗಳೇ ಹೋಗುತ್ತವೆ.

ಮೊದಲ ತಿಂಗಳುಗಳು

ಸಾಮಾನ್ಯವಾಗಿ ತರಗತಿ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಮೊದಲು ಮೈ ಬಿಸಿಯಾಗಿಸುವ ವ್ಯಾಯಾಮ, ನಂತರ ಒಂದೋ ಎರಡೋ ತಂತ್ರಗಳ ಪಾಠ, ಜೊತೆಗಾರರೊಡನೆ ಅದರ ಪುನರಾವರ್ತನೆ, ಕೊನೆಗೆ ನಿಜವಾದ ಸೆಣಸಾಟ. ಈ ಸೆಣಸಾಟಕ್ಕೆ ‘ರೋಲಿಂಗ್’ ಎನ್ನುತ್ತಾರೆ. ಒಂದೊಂದು ಸುತ್ತು ಐದಾರು ನಿಮಿಷ. ತೊಡುವ ಉಡುಪು ‘ಗಿ’: ದಪ್ಪ ಹತ್ತಿ ಬಟ್ಟೆಯ ಜಾಕೆಟ್, ಲಾಡಿ ಕಟ್ಟುವ ಪ್ಯಾಂಟು, ಮೇಲೊಂದು ಬೆಲ್ಟ್. ಗಿಯಲ್ಲಿ ಕಾಲರ್, ತೋಳು, ಪ್ಯಾಂಟನ್ನು ಹಿಡಿಯಲು ಅವಕಾಶವಿರುವುದರಿಂದ ಆಟ ತುಸು ನಿಧಾನ. ಮೈಗಂಟುವ ಅಂಗಿ ಮತ್ತು ಚಡ್ಡಿ ತೊಟ್ಟು ಆಡುವ ‘ನೋ-ಗಿ’ಯಲ್ಲಿ ಹಿಡಿತ ಜಾರುತ್ತದೆ, ವೇಗ ಹೆಚ್ಚು.

ಮೊದಲ ಪಾಠಗಳು ಬೀಳುವುದು, ಹೊರಳುವುದು, ಏಳುವುದು. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ ತಲೆ ಕಾಪಾಡಿಕೊಳ್ಳುವುದು, ಮಲಗಿದಲ್ಲೇ ಪಾದ ಊರಿ ಸೊಂಟವನ್ನು ಪಕ್ಕಕ್ಕೆ ಸರಿಸುವುದು, ಸೊಂಟವನ್ನು ಮೇಲೆ ಚಿಮ್ಮಿಸುವುದು, ಇವು ಈ ವಿದ್ಯೆಯ ಕಾಗುಣಿತ. ಜೊತೆಗೆ ಭಂಗಿಗಳ ಮೇಲು-ಕೀಳು ತಿಳಿಯಬೇಕು. ಎದುರಾಳಿಯ ಎದೆಯ ಮೇಲೆ ಎರಡೂ ಬದಿಗೆ ಮಂಡಿಯೂರಿ ಕೂರುವ ‘ಮೌಂಟ್’, ಹಿಂದಿನಿಂದ ತಬ್ಬಿ ಕಾಲು ಸಿಕ್ಕಿಸುವ ‘ಬ್ಯಾಕ್ ಕಂಟ್ರೋಲ್’ ಎಲ್ಲಕ್ಕಿಂತ ಮೇಲಿನವು. ಪಕ್ಕದಿಂದ ಒತ್ತಿ ಹಿಡಿಯುವ ‘ಸೈಡ್ ಕಂಟ್ರೋಲ್’ ಅವುಗಳ ನಂತರದ್ದು. ಮೊದಲು ಒಳ್ಳೆಯ ಭಂಗಿ, ಆಮೇಲೆ ಪಟ್ಟು ಎಂಬುದು ಶಿಕ್ಷಕರು ಪದೇ ಪದೇ ಹೇಳುವ ಮಾತು.

ಮೌಂಟ್‌ನಿಂದ ಪಾರಾಗುವ ಒಂದು ತಂತ್ರವನ್ನು ಬಿಡಿಸಿ ನೋಡಿದರೆ ಈ ಕಲೆಯ ಒಳಗುಟ್ಟು ಕಾಣುತ್ತದೆ. ಎದೆಯ ಮೇಲೆ ಕೂತವರನ್ನು ನೇರವಾಗಿ ತಳ್ಳಲು ಹೋದರೆ ಚಾಚಿದ ತೋಳೇ ಆರ್ಮ್‌ಬಾರ್‌ಗೆ ಸಿಗುತ್ತದೆ. ಹಾಗಾಗಿ ಕೆಳಗಿರುವವರು ಎದುರಾಳಿಯ ಒಂದು ಕೈಯನ್ನು ತಮ್ಮ ಎದೆಗೆ ಬಿಗಿಯಾಗಿ ಹಿಡಿಯುತ್ತಾರೆ. ಅದೇ ಬದಿಯ ಪಾದವನ್ನು ತಮ್ಮ ಪಾದದಿಂದ ಹೊರಗಿನಿಂದ ತಡೆಯುತ್ತಾರೆ. ಆಮೇಲೆ ಸೊಂಟವನ್ನು ಮೇಲೆ ಚಿಮ್ಮಿಸಿ ಆ ಬದಿಯ ಭುಜದತ್ತ ಹೊರಳುತ್ತಾರೆ. ಬೀಳುವ ಬದಿಯಲ್ಲಿ ಊರಿಕೊಳ್ಳಲು ಕೈಯೂ ಇಲ್ಲ, ಕಾಲೂ ಇಲ್ಲ, ಮೇಲಿದ್ದವರು ಉರುಳಲೇಬೇಕು. ಮೂರು ಕೆಲಸದಲ್ಲಿ ಒಂದು ತಪ್ಪಿದರೂ ಎಷ್ಟೇ ಬಲ ಹಾಕಿದರೂ ಫಲವಿಲ್ಲ. ಮೂರೂ ಸರಿಯಾದರೆ ಹಗುರ ಮೈಯವರೂ ಭಾರದವರನ್ನು ಉರುಳಿಸಬಹುದು.

ಹೊಸಬರ ದೊಡ್ಡ ತೊಂದರೆ ದಣಿವು. ಗಾಬರಿಯಿಂದ ಉಸಿರು ಬಿಗಿಹಿಡಿದು, ಸಿಕ್ಕಿದ್ದನ್ನೆಲ್ಲ ಹಿಂಡಿ, ಎರಡೇ ನಿಮಿಷದಲ್ಲಿ ಏದುಸಿರು ಬಿಡುತ್ತಾರೆ. ನಿಧಾನವಾಗಿ ಉಸಿರಾಡುವುದು, ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡಿರುವುದು, ಬಲವನ್ನು ಬೇಕಾದಾಗ ಮಾತ್ರ ಹಾಕುವುದು, ಇಷ್ಟು ಬಂದರೆ ಮೊದಲ ಕೆಲವು ತಿಂಗಳು ಸಾರ್ಥಕ. ಗೆಲುವಿನ ಲೆಕ್ಕ ಆಗ ಬೇಕಿಲ್ಲ. ನಿನ್ನೆ ಒಂದು ನಿಮಿಷದಲ್ಲಿ ಸಿಕ್ಕಿಬಿದ್ದವರು ಇಂದು ಮೂರು ನಿಮಿಷ ತಡೆದರೆ ಅದು ಪ್ರಗತಿ.

ಮೈಯ ಕಾಳಜಿ

ಕೆಲಸ, ಮನೆ, ಮಕ್ಕಳ ನಡುವೆ ಕಲಿಯುವವರಿಗೆ ವಾರಕ್ಕೆ ಎರಡು ಅಥವಾ ಮೂರು ತರಗತಿ ಸಾಕು. ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನು ಅಥವಾ ಕುತ್ತಿಗೆಯ ಸಮಸ್ಯೆ ಇರುವವರು ವೈದ್ಯರನ್ನು ಕೇಳಿಯೇ ಸೇರಬೇಕು. ಬೆರಳು, ಮಂಡಿ, ಭುಜ, ಪಕ್ಕೆಲುಬುಗಳಿಗೆ ಪೆಟ್ಟಾಗುವುದುಂಟು. ಕಿವಿ ಮತ್ತೆ ಮತ್ತೆ ಉಜ್ಜಿದರೆ ಮೃದ್ವಸ್ಥಿಯ ಮೇಲೆ ರಕ್ತ ಕಟ್ಟಿ ಊದಿಕೊಳ್ಳುತ್ತದೆ. ಬೇಗ ಚಿಕಿತ್ಸೆ ಪಡೆಯದಿದ್ದರೆ ಕಿವಿಯ ಆಕಾರ ಶಾಶ್ವತವಾಗಿ ಕೆಡುತ್ತದೆ.

ಮೈಗೆ ಮೈ ತಾಗುವ ಆಟವಾದ್ದರಿಂದ ಹುಳುಕಡ್ಡಿಯಂಥ ಚರ್ಮರೋಗಗಳು ಸುಲಭವಾಗಿ ಹರಡುತ್ತವೆ. ಪ್ರತಿ ತರಗತಿಯ ನಂತರ ಗಿ ಒಗೆಯುವುದು, ಕೂಡಲೇ ಸ್ನಾನ, ಕತ್ತರಿಸಿದ ಉಗುರು, ಮ್ಯಾಟ್‌ನಿಂದ ಇಳಿದಾಗ ಚಪ್ಪಲಿ, ಚರ್ಮದ ಮೇಲೆ ಕಲೆ ಕಂಡರೆ ಗುಣವಾಗುವವರೆಗೆ ರಜೆ, ಇವು ಎಲ್ಲರೂ ಪಾಲಿಸಬೇಕಾದ ಶಿಸ್ತು. ಶಾಲೆ ಆರಿಸುವಾಗಲೂ ಮ್ಯಾಟ್‌ನ ಸ್ವಚ್ಛತೆ ಮೊದಲು ನೋಡಬೇಕಾದದ್ದು. ಶಿಕ್ಷಕರಿಗೆ ಬೆಲ್ಟ್ ಕೊಟ್ಟವರು ಯಾರು, ಹಳೆಯ ವಿದ್ಯಾರ್ಥಿಗಳು ಹೊಸಬರೊಡನೆ ಬಲ ಹದಮಾಡಿಕೊಂಡು ಆಡುತ್ತಾರೆಯೇ, ಮಹಿಳೆಯರು ನಿಸ್ಸಂಕೋಚವಾಗಿ ಅಭ್ಯಾಸ ಮಾಡುವ ವಾತಾವರಣವಿದೆಯೇ ಎಂಬುದನ್ನು ಒಂದು ತರಗತಿ ಕೂತು ನೋಡಿಯೇ ಹಣ ಕಟ್ಟುವುದು ಒಳ್ಳೆಯದು.

ಬೆಲ್ಟ್‌ಗಳ ದಾರಿ

ವಯಸ್ಕರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂದು ಐದು ಬೆಲ್ಟ್‌ಗಳು. ಬೆಲ್ಟ್‌ಗಳ ನಡುವಿನ ಪ್ರಗತಿಯನ್ನು ತುದಿಗೆ ಸುತ್ತುವ ಪಟ್ಟಿಗಳು ತೋರಿಸುತ್ತವೆ. ಅಂತರರಾಷ್ಟ್ರೀಯ ಒಕ್ಕೂಟವಾದ ಐಬಿಜೆಜೆಎಫ್‌ನ ಸಾಮಾನ್ಯ ನಿಯಮದಂತೆ ನೀಲಿಯಲ್ಲಿ ಕನಿಷ್ಠ 2 ವರ್ಷ, ನೇರಳೆಯಲ್ಲಿ ಒಂದೂವರೆ ವರ್ಷ, ಕಂದಿನಲ್ಲಿ 1 ವರ್ಷ ಕಳೆಯಬೇಕು. ವಾಸ್ತವದಲ್ಲಿ ಕಪ್ಪು ಬೆಲ್ಟ್‌ಗೆ ಹತ್ತು ವರ್ಷದಷ್ಟು ಕಾಲ ಹಿಡಿಯುವುದು ಸಾಮಾನ್ಯ. ಬೇಗ ಮುಗಿಸುವ ಆತುರ ಇಲ್ಲಿ ನಡೆಯುವುದಿಲ್ಲ.

ಸ್ಪರ್ಧೆಯ ಕಣ

ಸ್ಪರ್ಧೆ ಕಡ್ಡಾಯವಲ್ಲ. ಆದರೆ ಅಪರಿಚಿತ ಎದುರಾಳಿಯ ಪೂರ್ತಿ ಪ್ರತಿರೋಧದ ಮುಂದೆ ಕಲಿತದ್ದು ಎಷ್ಟು ನಿಲ್ಲುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಐಬಿಜೆಜೆಎಫ್ ಪಂದ್ಯಾವಳಿಗಳಲ್ಲಿ 30 ತುಂಬುವ ವರ್ಷದಿಂದ ‘ಮಾಸ್ಟರ್’ ವಿಭಾಗಗಳು ಶುರು. 30ರಿಂದ 35 ವಯಸ್ಸಿನವರು ಮಾಸ್ಟರ್ 1, 36ರಿಂದ 40 ಮಾಸ್ಟರ್ 2, ಹೀಗೆ ಮುಂದುವರಿದು 61 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಮಾಸ್ಟರ್ 7. ಪ್ರತಿ ವಿಭಾಗದಲ್ಲೂ ಬೆಲ್ಟ್ ಮತ್ತು ತೂಕದ ವಿಂಗಡಣೆ ಬೇರೆ. ನಲವತ್ತೆರಡರ ಬಿಳಿ ಬೆಲ್ಟ್‌ನವರ ಎದುರು ನಿಲ್ಲುವವರು ಅದೇ ತೂಕದ, ಹೆಚ್ಚುಕಡಿಮೆ ಅದೇ ವಯಸ್ಸಿನ, ಬಿಳಿ ಬೆಲ್ಟ್‌ನವರೇ.

ಬಿಳಿ ಬೆಲ್ಟ್ ಪಂದ್ಯದ ಅವಧಿ 5 ನಿಮಿಷ. ಟ್ಯಾಪ್ ಮಾಡಿಸಿದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಅಂಕಗಳೇ ನಿರ್ಣಾಯಕ. ಎದುರಾಳಿಯನ್ನು ಕೆಡವಿದರೆ 2, ಗಾರ್ಡ್‌ನಿಂದ ಉರುಳಿಸಿ ಮೇಲೆ ಬಂದರೆ 2, ಹೊಟ್ಟೆಯ ಮೇಲೆ ಮಂಡಿ ಊರಿದರೆ 2, ಗಾರ್ಡ್ ದಾಟಿದರೆ 3, ಮೌಂಟ್ ಅಥವಾ ಬ್ಯಾಕ್ ಕಂಟ್ರೋಲ್ ಪಡೆದರೆ 4. ಭಂಗಿಯನ್ನು 3 ಸೆಕೆಂಡು ಉಳಿಸಿಕೊಂಡರೆ ಮಾತ್ರ ಅಂಕ. ಅಂಕ ಸಮವಾದರೆ, ಅಂಕಕ್ಕೆ ಹತ್ತಿರ ಬಂದ ಪ್ರಯತ್ನಗಳಿಗೆ ಸಿಗುವ ‘ಅಡ್ವಾಂಟೇಜ್’ ಲೆಕ್ಕಕ್ಕೆ ಬರುತ್ತದೆ. ಎದುರಾಳಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸುವುದು, ಮಂಡಿ ತಿರುಚುವ ‘ಹೀಲ್ ಹುಕ್’ ಹಾಕುವುದು ಬಿಳಿ ಬೆಲ್ಟ್‌ಗೆ ನಿಷಿದ್ಧ. ನಿಯಮಪುಸ್ತಕ ಓದದೆ ಹೋದವರು ಅನರ್ಹಗೊಂಡು ಮನೆಗೆ ಮರಳುವ ಸಂಭವವಿದೆ.

ಐಬಿಜೆಜೆಎಫ್ ಪಂದ್ಯಗಳಲ್ಲಿ ತೂಕ ನೋಡುವುದು ಪಂದ್ಯಕ್ಕೆ ಸ್ವಲ್ಪ ಮೊದಲು, ಗಿ ತೊಟ್ಟಿರುವಾಗಲೇ. ಗಿಯ ಅಳತೆಯನ್ನೂ ಆಗಲೇ ಪರೀಕ್ಷಿಸುತ್ತಾರೆ. ಒಂದು ಗ್ರಾಂ ಹೆಚ್ಚಿದ್ದರೂ ಅವಕಾಶವಿಲ್ಲ. ಹಸಿದು, ಬೆವರಿಳಿಸಿ ತೂಕ ಇಳಿಸಿದವರಿಗೆ ಚೇತರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಮೊದಲ ಸಲ ಹೋಗುವವರು ಇದ್ದ ತೂಕಕ್ಕೆ ಹೊಂದುವ ವಿಭಾಗದಲ್ಲೇ ಹೆಸರು ಕೊಡಬೇಕು. ತಯಾರಿಯೂ ಸರಳವಾಗಿರಲಿ: ನಿಂತಲ್ಲಿಂದ ಕೆಡವುವ ಒಂದು ತಂತ್ರ, ಗಾರ್ಡ್‌ನಿಂದ ಉರುಳಿಸುವ ಒಂದು, ಗಾರ್ಡ್ ದಾಟುವ ಒಂದು, ಚೆನ್ನಾಗಿ ಬರುವ ಒಂದು ಪಟ್ಟು. ಒಂದು ಸೋಲಿಗೆ ಹೊರಬೀಳುವ ಪದ್ಧತಿಯಾದ್ದರಿಂದ ಬಹಳ ಮಂದಿಯ ಮೊದಲ ಸ್ಪರ್ಧೆ ಒಂದೇ ಪಂದ್ಯಕ್ಕೆ ಮುಗಿಯುತ್ತದೆ. ಆ ಪಂದ್ಯದ ವಿಡಿಯೊ ಇಟ್ಟುಕೊಂಡು ಎಲ್ಲಿ ಸಿಕ್ಕಿಬಿದ್ದದ್ದು ಎಂದು ಶಿಕ್ಷಕರೊಡನೆ ನೋಡಿದರೆ ಮುಂದಿನ ತಿಂಗಳುಗಳ ಅಭ್ಯಾಸಕ್ಕೆ ಬೇಕಾದಷ್ಟು ಪಾಠ ಸಿಗುತ್ತದೆ.

ತಡವಾಗಿ ಕಲಿತು ಸ್ಪರ್ಧಿಸಿದವರಲ್ಲಿ ಅಮೆರಿಕದ ಬಾಣಸಿಗ, ಲೇಖಕ ಆಂಥನಿ ಬೋರ್ಡೇನ್ ಹೆಸರಾಂತ ಉದಾಹರಣೆ. ಅರವತ್ತು ಹತ್ತಿರವಾಗುತ್ತಿದ್ದಾಗ ಕಲಿಯಲು ತೊಡಗಿದ ಅವರು 2015ರಲ್ಲಿ ನೀಲಿ ಬೆಲ್ಟ್ ಪಡೆದರು. 2016ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಐಬಿಜೆಜೆಎಫ್ ಪಂದ್ಯಾವಳಿಯಲ್ಲಿ ಮಾಸ್ಟರ್ 5 ವಿಭಾಗದ ಚಿನ್ನ ಗೆದ್ದರು. ಎಲ್ಲರಿಗೂ ಪದಕ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಲವತ್ತರಲ್ಲಿ ಬಿಳಿ ಬೆಲ್ಟ್ ಕಟ್ಟಿದವರು ಗಾಯ ತಪ್ಪಿಸಿಕೊಂಡು, ವಾರಕ್ಕೆ ಎರಡು ಮೂರು ದಿನ ಬಿಡದೆ ಅಭ್ಯಾಸ ಮಾಡಿದರೆ ಐವತ್ತರ ಆಸುಪಾಸಿನಲ್ಲಿ ಕಪ್ಪು ಬೆಲ್ಟ್ ತಲುಪಬಲ್ಲರು. ಆಗಲೂ ಸ್ಪರ್ಧಿಸಬೇಕೆನಿಸಿದರೆ ಅವರ ವಯಸ್ಸಿಗೆ ಒಂದು ವಿಭಾಗ ಇದ್ದೇ ಇರುತ್ತದೆ.