ಪರೇಲಿನ ಮಸಾಲೆಗೆ ಪರದೇಶ ಎಷ್ಟು ದೂರ?

ಮಾರ್ಚ್ ಬಂತೆಂದರೆ ಮುಂಬೈಯ ಪರೇಲಿಗೆ ತಾಗಿಕೊಂಡಿರುವ ಲಾಲ್‌ಬಾಗಿನ ಮೆಣಸಿನಕಾಯಿ ಗಲ್ಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಣ್ಣಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ, ಖಾರಕ್ಕೆ ಬೆಳಗಾವಿ ಕಡೆಯ ಸಂಕೇಶ್ವರಿ ಎಂದು ಹೆಂಗಸರು ಕೈಯಲ್ಲಿ ಮುರಿದು ನೋಡಿ ತೂಗಿಸುತ್ತಾರೆ. ತೊಟ್ಟು ಬಿಡಿಸಿ, ಕೊತ್ತಂಬರಿ, ಕಲ್ಲುಹೂವು, ಲವಂಗ ಎಲ್ಲವನ್ನೂ ಹುರಿಸಿಕೊಂಡು ಕುಟ್ಟುವ ಯಂತ್ರದ ಮುಂದೆ ಸರದಿ ನಿಲ್ಲುತ್ತಾರೆ. ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಬೀಳುವಾಗ ಏಳುವ ಘಾಟಿಗೆ ದಾರಿಹೋಕರೂ ಸೀನುತ್ತಾರೆ.

ಈ ಮಸಾಲೆ ನೆಂಟರ ಸೂಟ್‌ಕೇಸಿನಲ್ಲಿ ದುಬೈ, ನ್ಯೂಜೆರ್ಸಿ ಸೇರುವುದು ಹಳೆಯ ರೂಢಿ. ಈಗ ಮನೆಯಲ್ಲೇ ಮಸಾಲೆ ಮಾಡಿ ಮಾರುವವರೂ ಮೊಬೈಲ್‌ನಲ್ಲಿ ಹೊರದೇಶದ ಆರ್ಡರ್ ಹಿಡಿಯಬಹುದು. ಅಂತರರಾಷ್ಟ್ರೀಯ ವ್ಯಾಪಾರದ ಪಠ್ಯಪುಸ್ತಕಗಳು ತಬ್ಬಿಬ್ಬಾಗುವುದು ಇಲ್ಲಿಯೇ.

ಸ್ವೀಡನ್ನಿನ ಉಪ್ಸಲಾದ ವಿದ್ವಾಂಸರಾದ ಯಾನ್ ಯೊಹಾನ್ಸನ್ ಮತ್ತು ಯಾನ್-ಎರಿಕ್ ವಾಲ್ನೆ 1977ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಕಂಪನಿ ಮೊದಲು ತನ್ನ ನಾಡಿನಲ್ಲಿ ಬೇರೂರುತ್ತದೆ. ಆಮೇಲೆ ಭಾಷೆ, ರೀತಿನೀತಿ ಪರಿಚಯವಿರುವ ಹತ್ತಿರದ ದೇಶಕ್ಕೆ ಏಜೆಂಟರ ಮೂಲಕ ಹೋಗುತ್ತದೆ. ಅನುಭವ ಹೆಚ್ಚಿದಂತೆ ಅಲ್ಲಿ ಸ್ವಂತ ಕಚೇರಿ, ಕೊನೆಗೆ ಕಾರ್ಖಾನೆ. ಇಂಟರ್ನೆಟ್ ಬಂದ ಮೇಲೆ ಈ ಮೆಟ್ಟಿಲುಗಳೇ ಬೇಡ, ಹುಟ್ಟಿದ ದಿನವೇ ಜಗತ್ತಿಗೆಲ್ಲ ಮಾರಬಹುದು ಎಂಬ ವಾದ ಬಲವಾಯಿತು.

ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ಪರೇಲ್ ಪರಿಸರವೇ ಅದಕ್ಕೆ ಸಾಕ್ಷಿ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಆರಂಭವಾದ ಮೇಲೆ ಇಲ್ಲಿನ ಬಟ್ಟೆ ಗಿರಣಿಗಳು ಚೇತರಿಸಿಕೊಳ್ಳಲೇ ಇಲ್ಲ. ಅವುಗಳ ನೆಲದಲ್ಲಿ ಇಂದು ಮಾಲ್‌ಗಳಿವೆ, ಕಚೇರಿಗಳಿವೆ. 2012ರಲ್ಲಿ ಶುರುವಾದ ನೈಕಾ ಕಂಪನಿಯ ನೋಂದಾಯಿತ ಕಚೇರಿ ಇರುವುದು ಲೋವರ್ ಪರೇಲಿನ ಸನ್ ಮಿಲ್ ಆವರಣದಲ್ಲಿ. ಸೌಂದರ್ಯವರ್ಧಕಗಳನ್ನು ಆನ್‌ಲೈನಿನಲ್ಲಿ ಮಾರಿಯೇ ಬೆಳೆದ ಈ ಕಂಪನಿ ಹೊರನಾಡಿಗೆ ಹೊರಟದ್ದು ಹೇಗೆ? 2022ರಲ್ಲಿ ಕೊಲ್ಲಿ ದೇಶಗಳಿಗಾಗಿ ಅಲ್ಲಿನದೇ ಅಪೆರಲ್ ಗ್ರೂಪ್ ಜೊತೆ ಕೈಜೋಡಿಸಿತು. ಹತ್ತಿರದ ಮಾರುಕಟ್ಟೆ, ಆ ನೆಲ ಬಲ್ಲ ಪಾಲುದಾರ: ಉಪ್ಸಲಾದವರು ಹೇಳಿದ ದಾರಿಯೇ.

ಆ ವಿದ್ವಾಂಸರೇ 2009ರಲ್ಲಿ ತಮ್ಮ ಸಿದ್ಧಾಂತವನ್ನು ತಿದ್ದಿಕೊಂಡರು. ಪರದೇಶ ಎನ್ನುವುದಕ್ಕಿಂತ ಅಲ್ಲಿನ ವ್ಯಾಪಾರ ಬಳಗದ ಹೊರಗಿರುವುದೇ ದೊಡ್ಡ ತೊಡಕು ಎಂದರು. ಮಸಾಲೆ ವ್ಯಾಪಾರಕ್ಕೆ ಇದು ಅಚ್ಚುಕಟ್ಟಾಗಿ ಹೊಂದುತ್ತದೆ. ದುಬೈಯ ಕನ್ನಡಿಗರೊಬ್ಬರು ಪರಿಚಿತರ ಮಾತು ನಂಬಿ ಡಬ್ಬಿ ತರಿಸುತ್ತಾರೆ. ಪರಿಚಯವೇ ಇಲ್ಲದವರು ವೆಬ್‌ಸೈಟಿನ ಸ್ಟಾರ್ ಎಣಿಸುತ್ತಾರೆ. ಆ ಸ್ಟಾರ್‌ಗಳೂ, ಗಿರಾಕಿಯ ವಿಳಾಸವೂ ಮಾರಾಟದ ವೇದಿಕೆ ನಡೆಸುವ ಕಂಪನಿಯ ಕೈಯಲ್ಲಿರುತ್ತವೆ. ಮಸಾಲೆ ಮಾಡಿದವರ ಕೈಗೆ ಕಮಿಷನ್ ಕಳೆದ ದುಡ್ಡು ಮಾತ್ರ ಬರುತ್ತದೆ.

ಇನ್ನು ಸುಂಕದ ಕಟ್ಟೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ರದ್ದು ಮಾಡಿತು. ಹೊಸ ಸುಂಕವನ್ನು ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿಲ್ಲದೆ ಭಾರತೀಯ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ಹೆಚ್ಚಿನ ಪಾರ್ಸೆಲ್‌ಗಳ ಬುಕಿಂಗ್ ನಿಲ್ಲಿಸಿತು. ಸೇವೆ ಮತ್ತೆ ಶುರುವಾದದ್ದು ಅಕ್ಟೋಬರ್‌ನಲ್ಲಿ. ಅಷ್ಟು ದಿನವೂ ಆರ್ಡರ್ ಮಾಡುವ ಗುಂಡಿ ಒತ್ತಿದರೆ ಕೆಲಸ ಮಾಡುತ್ತಲೇ ಇತ್ತು. ಇಂಟರ್ನೆಟ್ ಗಿರಾಕಿಯನ್ನು ಹುಡುಕಿಕೊಡುತ್ತದೆ, ಗಡಿ ದಾಟಿಸುವುದಿಲ್ಲ. ಆಹಾರ ಪದಾರ್ಥವಾದರೆ ಪರೀಕ್ಷೆ ಇನ್ನೂ ಕಟ್ಟುನಿಟ್ಟು. ಮಾರಾಟಕ್ಕೆ ಆಹಾರ ಕಳಿಸುವ ಹೊರದೇಶದ ಘಟಕ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎಯಲ್ಲಿ ನೋಂದಾಯಿಸಿಕೊಳ್ಳಬೇಕು, ಸರಕು ತಲಪುವ ಮುಂಚೆಯೇ ಸೂಚನೆ ಕೊಡಬೇಕು.

ದೊಡ್ಡ ಕಂಪನಿಗೆ ಇದನ್ನೆಲ್ಲ ನೋಡಿಕೊಳ್ಳಲು ವಕೀಲರಿದ್ದಾರೆ. ಮನೆಯಲ್ಲೇ ಮಸಾಲೆ ಮಾಡುವ ಹೆಣ್ಣುಮಗಳಿಗೆ ಯಾರಿದ್ದಾರೆ? ರಫ್ತಿಗೆ ಬೇಕಾದ ಐಇಸಿ (ಆಮದು-ರಫ್ತು ಕೋಡ್) ನಂಬರ್ 500 ರೂಪಾಯಿ ಶುಲ್ಕಕ್ಕೆ ಆನ್‌ಲೈನಿನಲ್ಲೇ ಸಿಗುತ್ತದೆ. ಕಾಗದಪತ್ರಕ್ಕೆ ನೆರವಾಗಲೆಂದು ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ. ಮುಂಬೈಯ ಕನ್ನಡ ಸಂಘಗಳು ನಾಟಕ, ಯಕ್ಷಗಾನಕ್ಕೆ ಸಭಾಂಗಣ ತೆರೆದಷ್ಟೇ ಪ್ರೀತಿಯಿಂದ ವರ್ಷಕ್ಕೊಂದು ದಿನ ಈ ರಫ್ತಿನ ಪಾಠಕ್ಕೂ ಬಾಗಿಲು ತೆರೆಯಲಿ. ಅಂಚೆಯವರನ್ನೂ ಆಹಾರ ಸುರಕ್ಷತಾ ಅಧಿಕಾರಿಗಳನ್ನೂ ಕರೆಸಿ, ಫಾರಂ ತುಂಬುವುದನ್ನು ಕನ್ನಡದಲ್ಲಿ ಹೇಳಿಕೊಡಲಿ.