ಬಿದರಿ ಪಾತ್ರೆಗಳ ಕಾಲನಿರ್ಣಯ

ಆಂಗ್ಲ ಸಿರಿವಂತರ ಗ್ರಾಮಾಂತರ ಸೌಧಗಳನ್ನು ಅಲಂಕರಿಸುವ ಹದಿನೆಂಟನೆಯ ಶತಮಾನದ ಪಿಂಗಾಣಿ ಹೂದಾನಿಗಳಲ್ಲಿ ಹಲವಕ್ಕೆ ಹುಟ್ಟಿದೂರೂ ಕಾಲವೂ ಗೊತ್ತಾಗಿವೆ. ಲಂಡನ್ನಿನ ಚೆಲ್ಸೀ ಕಾರ್ಖಾನೆಯ ಪಾತ್ರೆಗಳಿಗೆ ಲಂಗರಿನ ಗುರುತುಂಟು. ಅದು ಕೆಂಪಾಗಿದ್ದರೆ ಸುಮಾರು 1752ರಿಂದ 1756ರ ಕಾಲದ್ದೆಂದೂ, ಹೊನ್ನಿನ ಬಣ್ಣದ್ದಾಗಿದ್ದರೆ ಅಲ್ಲಿಂದ 1769ರವರೆಗಿನದೆಂದೂ ಬಲ್ಲವರು ಎಣಿಸುತ್ತಾರೆ. ಕಡುನೀಲಿಯ ನೆಲ, ದಟ್ಟವಾದ ಹೊನ್ನಿನ ಲೇಪ, ಬಳುಕಿದ ಹಿಡಿಗಳು, ಈ ಆಡಂಬರವೆಲ್ಲ ಹೊನ್ನಲಂಗರಿನ ಕಾಲಕ್ಕೆ ಸೇರಿದುದು. ಆದರೂ ಗುರುತೊಂದನ್ನೇ ನಂಬುವಂತಿಲ್ಲ. ಮುಂದಿನ ಶತಮಾನದ ಅನುಕರಣಗಳೂ ಅದೇ ಲಂಗರನ್ನು ಹೊತ್ತಿವೆ.

ಅದೇ ಕಾಲದಲ್ಲಿ ದಕ್ಷಿಣಾಪಥದ ಬೀದರಿನಲ್ಲಿ ಅಷ್ಟೇ ಅಲಂಕಾರದ ಪಾತ್ರೆಗಳು ಸಿದ್ಧವಾಗುತ್ತಿದ್ದುವು. ಮಾಡಿದವನ ಹೆಸರಾಗಲಿ ಮುದ್ರೆಯಾಗಲಿ ಅವುಗಳಲ್ಲಿ ಸಾಮಾನ್ಯವಾಗಿ ದೊರೆಯದು. ಆದುದರಿಂದ ಆಕಾರವನ್ನೇ ಓದಬೇಕಾಗುತ್ತದೆ. ಗುಡಿಗುಡಿಯ ನೀರಿನ ಪಾತ್ರೆಯನ್ನು ನೋಡಿರಿ: ಸಿಂಬಿಯ ಮೇಲೆ ಕೂರಿಸಬೇಕಾದ ದುಂಡು ಪಾತ್ರೆಗಳು ಹಳೆಯವು, ತಳ ಚಪ್ಪಟೆಯಾಗಿ ತಾನೇ ನಿಲ್ಲುವ ಗಂಟೆಯಾಕಾರದವು ಹದಿನೆಂಟನೆಯ ಶತಮಾನದ ನಡುವಿನಿಂದೀಚೆಗೆ ಹೆಚ್ಚಾದುವು. ನಳಿಗೆಯೂ ಚಿಲುಮೆಯೂ ಕಳಚಿಹೋದ ಮೇಲೆ ಇಂತಹ ಪಾತ್ರೆಯನ್ನು ಹೂದಾನಿಯೆಂದು ಭ್ರಮಿಸುವುದು ಬಹು ಸುಲಭ.

ಇದರ ಲೋಹದಲ್ಲಿ ನೂರಕ್ಕೆ 90ನ್ನು ಮೀರಿ ಸತುವೇ ಇರುತ್ತದೆ; ತಾಮ್ರ ಅತ್ಯಲ್ಪ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ನುಣುಪು ಮಾಡಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಉಳಿಯ ಗೆರೆ ಎದ್ದು ಕಾಣಲೆಂದೇ ಈ ಏರ್ಪಾಡು. ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿದ ತರುವಾಯ, ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುವರು. ಸತುವಿನ ಮೈ ಶಾಶ್ವತವಾಗಿ ಕಪ್ಪಾಗುವುದು. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಈ ಕಸಬಿನ ಮಾದರಿಗಳನ್ನಿಟ್ಟಿದ್ದರು.

ಹೆಸರಿನಿಂದಲೂ ಊರನ್ನು ನಿಶ್ಚಯಿಸಲಾಗದು. ಲಖನೌ, ಪೂರ್ಣಿಯಾ, ಮುರ್ಷಿದಾಬಾದುಗಳಲ್ಲಿ ತಯಾರಾದುದಕ್ಕೂ ಬಿದರಿಯೆಂದೇ ಹೆಸರು. ದೊರೆತ ಸ್ಥಳವೂ ಪೂರ್ತಿ ಸಾಕ್ಷಿಯಲ್ಲ. ಚಿಂಚೋಳಿಯು ಬೀದರ ಸೀಮೆಗೆ ಅಂಟಿಕೊಂಡೇ ಇದೆ. ಅಲ್ಲಿ ಬೀದರಿನ ಸಾಮಾನು ಕಂಡರೆ ಆಶ್ಚರ್ಯವಿಲ್ಲ. ಆದರೆ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ 1874ರಲ್ಲಿಯೇ ರೈಲು ಬಂದಿತು. ಶಹಾಬಾದು ಮುಂಬಯಿಯ ಹಾದಿಯಲ್ಲಿದೆ. ಇಂತಹ ಊರುಗಳ ಮನೆಗೆ ಪಾತ್ರೆಯು ಹೈದರಾಬಾದಿನ ಅಂಗಡಿಯಿಂದ ಬಂದಿರಬಹುದು, ಮದುವೆಯ ಬಳುವಳಿಯಾಗಿಯೂ ಬಂದಿರಬಹುದು. ಯಾವ ಮನೆಯದು, ಯಾರ ಕಾಲದಲ್ಲಿ ಬಂದಿತು, ಏತಕ್ಕೆ ಬಳಸುತ್ತಿದ್ದರು ಎಂಬ ಹಿರಿಯರ ಮಾತನ್ನು ಬರೆದಿಡದೆ ಪಾತ್ರೆಯನ್ನು ಮಾರಿದರೆ, ಮುದ್ರೆಯಿಲ್ಲದ ವಸ್ತುವಿಗಿದ್ದ ಒಂದೇ ದಾಖಲೆಯೂ ಅಳಿದಂತೆ.

ಇನ್ನೊಂದು ಅಪಾಯವು ಅಡಿಗೆಮನೆಯಲ್ಲಿದೆ. ತಾಮ್ರ ಹಿತ್ತಾಳೆಗಳಂತೆ ಇದನ್ನೂ ಹುಣಿಸೆಹುಳಿಯಿಂದ ಬೆಳಗಿದರೆ ಹುಳಿಯು ಸತುವನ್ನು ತಿನ್ನುವುದು, ಕಪ್ಪು ಕೆಡುವುದು. ತುಸು ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು.